ಚೆನ್ನಾಗಿ ಮಾತಾಡಿದವಳಿಗೆ ಐದಕ್ಕೆ ಐದು

ನಮ್ಮ ನರ್ಸಿಂಗ್ ಪ್ರಾಕ್ಟಿಕಲ್ ಪರೀಕ್ಷೆಯ ಮಾರ್ಕ್ಸ್ ಶೀಟಿನ ಕೊನೆಯಲ್ಲಿ ಎರಡು ಸಾಲು ಇರುತ್ತಿದ್ದವು. ಒಂದು ಸಂವಹನ, ಐದು ಅಂಕ. ಇನ್ನೊಂದು ತಂಡದ ಕೆಲಸ, ಅದಕ್ಕೂ ಐದು. ಮೇಲಿನ ಸಾಲುಗಳದ್ದು ರಗಳೆ ಇರಲಿಲ್ಲ. ಕೈ ತೊಳೆದಳಾ, ಪೇಶಂಟಿನ ಹೆಸರು ಕೇಳಿ ಖಾತ್ರಿ ಮಾಡಿಕೊಂಡಳಾ, ಸೂಜಿಯನ್ನು ಸರಿಯಾದ ಡಬ್ಬಕ್ಕೆ ಹಾಕಿದಳಾ. ಮಾಡಿದ್ದರೆ ಟಿಕ್, ಇಲ್ಲದಿದ್ದರೆ ಇಲ್ಲ. ಕೊನೆಯ ಆ ಎರಡು ಸಾಲಿಗೆ ಬಂದಾಗ ಮಾತ್ರ ನನ್ನ ಪೆನ್ನು ತಡವರಿಸುತ್ತಿತ್ತು. ಮುಖ ನೋಡಿ ಮೂರೋ ನಾಲ್ಕೋ ಹಾಕುತ್ತಿದ್ದೆ. ಬೆಳಿಗ್ಗೆ ಬಂದವರಿಗೆ ಮೂರು, ಊಟ ಆದಮೇಲೆ ಬಂದವರಿಗೆ ನಾಲ್ಕು, ಸಂಜೆ ಕೊನೆಗೆ ಬಂದವರಿಗೆ ನನ್ನ ತಲೆನೋವು ಎಷ್ಟಿದೆಯೋ ಅದರ ಮೇಲೆ. ಹೀಗೆ ಬರೆದುಕೊಳ್ಳೋಕೆ ನಾಚಿಕೆ ಆಗುತ್ತೆ. ಆದರೆ ನರ್ಸಿಂಗ್ ಕಲಿಸುವವರು ಯಾರನ್ನಾದರೂ ಪಕ್ಕಕ್ಕೆ ಕರೆದು ಕೇಳಿ ನೋಡಿ, ಹೆಚ್ಚು ಕಡಿಮೆ ಇದೇ ಕಥೆ ಹೇಳುತ್ತಾರೆ.

ಕಣ್ಣು ತೆರೆಸಿದ್ದು ಒಂದು ವಿಡಿಯೋ.

ಮೂರನೇ ವರ್ಷದ ಐದು ಜನರ ತಂಡ. ಮ್ಯಾನಿಕಿನ್ ಅನ್ನುವ ಮನುಷ್ಯಾಕಾರದ ಬೊಂಬೆಯ ಮೇಲೆ ಡ್ರಿಲ್, ಪೇಶಂಟಿನ ಹೃದಯ ನಿಂತಿದೆ ಅಂತ ಲೆಕ್ಕ. ಲೀಡರ್ ಆಗಿದ್ದ ಹುಡುಗಿ ಗಟ್ಟಿಗಿತ್ತಿ, ಅವಳ ದನಿ ಲ್ಯಾಬ್ ತುಂಬಾ ಕೇಳುತ್ತಿತ್ತು. "ಸಿಪಿಆರ್ ಶುರು ಮಾಡಿ, ಬ್ಯಾಗ್ ಹಿಡೀರಿ, ಯಾರಾದ್ರೂ ಅಡ್ರಿನಲಿನ್ ಕೊಡಿ, ಟೈಮ್ ನೋಡ್ಕೊಳ್ಳಿ!" ನಾನು ಖುಷಿಯಾಗಿ ಎರಡೂ ಸಾಲಿಗೆ ಐದಕ್ಕೆ ಐದು ಕೊಟ್ಟೆ. ಅದೇ ತಂಡದಲ್ಲಿ ಇನ್ನೊಬ್ಬಳು ಇದ್ದಳು, ಮೆತ್ತಗಿನ ದನಿಯವಳು. ಸಂವಹನದಲ್ಲಿ ಎರಡು ಹಾಕಿ, ಪಕ್ಕದಲ್ಲಿ "ದನಿ ಸಾಲದು, ಧೈರ್ಯ ಬೆಳೆಸಿಕೊಳ್ಳಬೇಕು" ಅಂತ ಷರಾ ಬರೆದೆ.

ಎರಡು ವಾರ ಆದಮೇಲೆ ಜೂನಿಯರ್ ಬ್ಯಾಚಿಗೆ ತೋರಿಸೋಕೆ ಅಂತ ಆ ಡ್ರಿಲ್‌ನ ರೆಕಾರ್ಡಿಂಗ್ ಹಾಕಿಕೊಂಡೆ. ಸ್ಟಾಫ್ ರೂಮಿನಲ್ಲಿ ಬೇರೆಯವರಿಗೆ ತೊಂದರೆ ಬೇಡ ಅಂತ ಸೌಂಡ್ ಪೂರ್ತಿ ತೆಗೆದಿದ್ದೆ. ಮಾತು ಕೇಳದೆ ಇದ್ದಾಗ ಕಣ್ಣು ತಾನಾಗಿಯೇ ಕೈಗಳ ಕಡೆ ಹೋಗುತ್ತೆ ನೋಡಿ. ಲೀಡರ್ ತೋಳು ಬೀಸಿ ಏನೋ ಹೇಳುತ್ತಾಳೆ. ಟ್ರಾಲಿಯ ಹತ್ತಿರ ಇದ್ದ ಇಬ್ಬರು ಒಟ್ಟಿಗೆ ತಿರುಗುತ್ತಾರೆ. ಒಬ್ಬರ ಮುಖ ಒಬ್ಬರು ನೋಡುತ್ತಾರೆ. "ಓ, ನೀನು ಮಾಡ್ತೀಯಾ" ಅನ್ನುವ ಹಾಗೆ ಇಬ್ಬರೂ ಹಿಂದೆ ಸರಿಯುತ್ತಾರೆ. ಸುಮಾರು ಇಪ್ಪತ್ತು ಸೆಕೆಂಡು ಅಡ್ರಿನಲಿನ್ ಆಂಪ್ಯೂಲ್ (ಔಷಧಿಯ ಪುಟ್ಟ ಗಾಜಿನ ಸೀಸೆ) ಟ್ರೇಯಲ್ಲಿ ಹಾಗೇ ಕೂತಿತ್ತು. ಲೀಡರ್ ಆಗಲೇ ಮುಂದಿನ ಆರ್ಡರ್ ಕೊಡುತ್ತಿದ್ದಳು.

ಸೌಂಡ್ ಹಾಕಿ ಮತ್ತೆ ನೋಡಿದೆ. ಆ ಮೆತ್ತಗಿನ ದನಿಯವಳು ಒಂದು ಹೆಜ್ಜೆ ಮುಂದೆ ಬಂದು, "ನಾನು ಕೊಡ್ತೀನಿ. ಅಡ್ರಿನಲಿನ್ ಒಂದು ಮಿಲಿಗ್ರಾಂ, ಐವಿ. ಸರಿನಾ?" ಅಂದಳು. ಲೀಡರಿಗೆ ಕೇಳಿಸಲಿಲ್ಲ. ಇವಳು ಆಂಪ್ಯೂಲ್ ಮುಟ್ಟಲಿಲ್ಲ. ಲೀಡರಿನ ಮೊಣಕೈ ಮುಟ್ಟಿ ಅದೇ ಮಾತು ಇನ್ನೊಮ್ಮೆ ಕೇಳಿದಳು, ಅವಳು ಹೂಂ ಅಂದಮೇಲೆ ಕೊಟ್ಟಳು. "ಕೊಟ್ಟೆ. ಹತ್ತು ನಲವತ್ತೆರಡು" ಅಂತ ಹೇಳಿ, ಟ್ರೇ ಅಂಚಿಗೆ ಅಂಟಿಸಿದ್ದ ಬಿಳಿ ಟೇಪಿನ ಮೇಲೆ ಸಮಯ ಬರೆದಳು. ಸ್ವಲ್ಪ ಹೊತ್ತಿಗೆ ಎದೆ ಒತ್ತುತ್ತಿದ್ದ ಹುಡುಗನಿಗೆ, "ಎರಡು ನಿಮಿಷ ಆಯ್ತು, ಮುಂದಿನದು ನಂದು" ಅಂದಳು. ಲೀಡರ್ ಟೈಮ್ ನೋಡ್ಕೊಳ್ಳಿ ಅಂದಿದ್ದಳಲ್ಲ, ಅಷ್ಟು ಜನರಲ್ಲಿ ಟೈಮ್ ನೋಡಿದ್ದು ಇವಳೊಬ್ಬಳೇ.

ನಾನು ಇವಳಿಗೆ ಎರಡು ಕೊಟ್ಟಿದ್ದೆ.

ಅವತ್ತಿನಿಂದ ನನ್ನ ತಲೆಯಲ್ಲಿ ಕೂತಿರುವುದು ಇಷ್ಟೇ: ನಾವು ಹೇಳಿದವರ ಬಾಯಿಗೆ ಮಾರ್ಕ್ಸ್ ಕೊಡುತ್ತಿದ್ದೇವೆ. ಕೊಡಬೇಕಾದದ್ದು ಮಾತು ತಲುಪಿದ್ದಕ್ಕೆ. ತಲುಪಿತೋ ಇಲ್ಲವೋ ಅನ್ನುವುದು ಹೇಳಿದವರ ಹತ್ತಿರ ಗೊತ್ತಾಗಲ್ಲ, ಕೇಳಿಸಿಕೊಂಡವರ ಹತ್ತಿರ ಹೋಗಿ ನೋಡಬೇಕು. ಆ ಮೆತ್ತಗಿನ ಹುಡುಗಿ ಮಾಡಿದ್ದಕ್ಕೆ ನಮ್ಮ ಪಾಠದಲ್ಲಿ ಕ್ಲೋಸ್ಡ್ ಲೂಪ್ ಅನ್ನುತ್ತೇವೆ. ಒಬ್ಬರು ಹೇಳಬೇಕು, ಇನ್ನೊಬ್ಬರು ಅದನ್ನೇ ತಿರುಗಿ ಹೇಳಬೇಕು, ಹೇಳಿದವರು ಹೌದು ಅನ್ನಬೇಕು, ಕೆಲಸ ಮುಗಿದಮೇಲೆ ಮುಗೀತು ಅಂತ ತಿಳಿಸಬೇಕು. ಇದನ್ನು ನಾನೇ ಬೋರ್ಡಿನ ಮೇಲೆ ಬಾಣದ ಗುರುತು ಹಾಕಿ ಕಲಿಸಿದ್ದೆ. ಕಣ್ಣೆದುರೇ ನಡೆದಾಗ ಗುರುತು ಹಿಡಿಯಲಿಲ್ಲ, ಯಾಕೆಂದರೆ ನನ್ನ ಗಮನವೆಲ್ಲ ಗಟ್ಟಿ ದನಿಯ ಮೇಲಿತ್ತು.

ಇದಕ್ಕೆ ಹಳೇ ಹೆಸರೇ ಇದೆ. 1920ರಲ್ಲಿ ಎಡ್ವರ್ಡ್ ಥಾರ್ನ್‌ಡೈಕ್ ಅನ್ನುವ ಮನಶ್ಶಾಸ್ತ್ರಜ್ಞ, ಸೈನ್ಯದ ಅಧಿಕಾರಿಗಳು ತಮ್ಮ ಕೈಕೆಳಗಿನವರಿಗೆ ಕೊಟ್ಟ ಅಂಕಗಳನ್ನು ನೋಡಿದರು. ಮೈಕಟ್ಟು, ಬುದ್ಧಿ, ನಾಯಕತ್ವ, ನಡತೆ ಎಲ್ಲಕ್ಕೂ ಬೇರೆ ಬೇರೆ ಅಂಕ ಕೊಡಬೇಕಿತ್ತು. ಆದರೆ ಒಂದರಲ್ಲಿ ಜಾಸ್ತಿ ಸಿಕ್ಕಿದವರಿಗೆ ಎಲ್ಲದರಲ್ಲೂ ಜಾಸ್ತಿ ಸಿಕ್ಕಿತ್ತು. ಆಳು ಲಕ್ಷಣವಾಗಿದ್ದರೆ ಬುದ್ಧಿವಂತನೂ ಆಗಿಬಿಡುತ್ತಿದ್ದ! ಹ್ಯಾಲೋ ಎಫೆಕ್ಟ್ ಅಂತ ಹೆಸರಿಟ್ಟರು. ನನ್ನ ಶೀಟಿನಲ್ಲೂ ಅದೇ ಆಗಿತ್ತು. ಇಂಜೆಕ್ಷನ್ ಚೆನ್ನಾಗಿ ಕೊಟ್ಟವರಿಗೆ ತಂಡದ ಕೆಲಸದಲ್ಲೂ ನಾಲ್ಕೂವರೆ. ಅವರು ಆ ದಿನ ಯಾವ ತಂಡದ ಜೊತೆಗೂ ಕೆಲಸ ಮಾಡಿರಲೇ ಇಲ್ಲ, ಒಬ್ಬರೇ ಬಂದು ಒಬ್ಬರೇ ಹೋಗಿದ್ದರು.

ಹಾಗಾದರೆ ಪರೀಕ್ಷೆ ಹೇಗೆ ಮಾಡೋದು? ನಮ್ಮಲ್ಲಿ ಎಲ್ಲರಿಗೂ ಗೊತ್ತಿರೋದು ಓಸ್ಕಿ (OSCE) ಅನ್ನುವ ಪ್ರಾಕ್ಟಿಕಲ್ ಪರೀಕ್ಷೆ. ಡಂಡೀ ವಿಶ್ವವಿದ್ಯಾಲಯದಲ್ಲಿ ರೊನಾಲ್ಡ್ ಹಾರ್ಡನ್ ಮತ್ತು ಅವರ ಜೊತೆಯವರು ಇದನ್ನು ರೂಪಿಸಿ 1975ರಲ್ಲಿ ಪ್ರಕಟಿಸಿದರು. ಸಾಲಾಗಿ ಸ್ಟೇಷನ್‌ಗಳು, ಗಂಟೆ ಹೊಡೆದಾಗ ಮುಂದಿನದಕ್ಕೆ ಹೋಗಬೇಕು, ಎಲ್ಲರಿಗೂ ಅದೇ ಪ್ರಶ್ನೆ, ಅದೇ ಚೆಕ್‌ಲಿಸ್ಟ್. ವೈವಾದಲ್ಲಿ ಪರೀಕ್ಷಕರ ಮೂಡಿನ ಮೇಲೆ ಹಣೆಬರಹ ತೀರ್ಮಾನವಾಗುತ್ತಿದ್ದ ಕಾಲಕ್ಕೆ ಹೋಲಿಸಿದರೆ ಇದು ಎಷ್ಟೋ ವಾಸಿ. ಅದಕ್ಕೂ ಮುಂಚೆಯೇ, 1963ರಲ್ಲಿ, ಹೋವರ್ಡ್ ಬ್ಯಾರೋಸ್ ಪೇಶಂಟಿನ ಪಾತ್ರ ಮಾಡುವವರನ್ನು ತಯಾರು ಮಾಡಿ ಮೆಡಿಕಲ್ ವಿದ್ಯಾರ್ಥಿಗಳನ್ನು ಪರೀಕ್ಷೆ ಮಾಡಿದ್ದರು. ಪೇಶಂಟಿನ ಜೊತೆಗಿನ ಮಾತನ್ನು ಅಳೆಯೋಕೆ ಇವತ್ತಿಗೂ ಅದಕ್ಕಿಂತ ಒಳ್ಳೇ ದಾರಿ ನನಗೆ ಕಂಡಿಲ್ಲ. ಆದರೆ ಓಸ್ಕಿಗೆ ಮಕ್ಕಳು ಒಬ್ಬೊಬ್ಬರೇ ಬರುತ್ತಾರೆ. ತಂಡ ಇಲ್ಲದೆ ತಂಡದ ಕೆಲಸಕ್ಕೆ ಮಾರ್ಕ್ಸ್ ಹಾಕೋದು ನೀರಿಗಿಳಿಸದೆ ಈಜಿಗೆ ಮಾರ್ಕ್ಸ್ ಹಾಕಿದ ಹಾಗೆ. ಜಾರ್ಜ್ ಮಿಲ್ಲರ್ 1990ರಲ್ಲಿ ನಾಲ್ಕು ಮೆಟ್ಟಿಲಿನ ಒಂದು ಪಿರಮಿಡ್ ಕೊಟ್ಟರು, ಕಲಿಸುವವರಿಗೆಲ್ಲ ಅದು ಬಾಯಿಪಾಠ: ಗೊತ್ತಿದೆ, ಹೇಗೆ ಅಂತ ಗೊತ್ತಿದೆ, ಮಾಡಿ ತೋರಿಸುತ್ತಾಳೆ, ದಿನಾ ಮಾಡುತ್ತಾಳೆ. ನಮ್ಮ ಐದು ಅಂಕ ಬಹುತೇಕ ಮೊದಲ ಎರಡು ಮೆಟ್ಟಿಲಲ್ಲೇ ಖರ್ಚಾಗಿಬಿಡುತ್ತೆ.

ನಾನು ಮೊದಲು ಬದಲಾಯಿಸಿದ್ದು ಹ್ಯಾಂಡೋವರ್, ಅಂದರೆ ಪಾಳಿ ಮುಗಿದಾಗ ಪೇಶಂಟನ್ನು ಮುಂದಿನವರಿಗೆ ಒಪ್ಪಿಸುವ ಪರೀಕ್ಷೆಯನ್ನು. ಮೊದಲೆಲ್ಲ ವಿದ್ಯಾರ್ಥಿನಿ ನನ್ನೆದುರು ನಿಂತು ಪೇಶಂಟಿನ ವಿಷಯ ಒಪ್ಪಿಸುತ್ತಿದ್ದಳು, ನಾನು ಕೇಳಿ ಅಂಕ ಹಾಕುತ್ತಿದ್ದೆ. ನನಗೋ ಆ ಕೇಸು ಮೊದಲೇ ಗೊತ್ತು, ಅವಳು ಬಿಟ್ಟಿದ್ದನ್ನು ನನ್ನ ತಲೆ ತಾನೇ ತುಂಬಿಕೊಳ್ಳುತ್ತಿತ್ತು. ಈಗ ಒಬ್ಬಳು ಹೇಳುತ್ತಾಳೆ, ಆ ಕೇಸನ್ನು ನೋಡೇ ಇಲ್ಲದ ಇನ್ನೊಬ್ಬಳು ಕೇಳುತ್ತಾಳೆ. ಕೇಳಿದವಳನ್ನು ಆಚೆ ಕರೆದುಕೊಂಡು ಹೋಗಿ, ಹತ್ತು ನಿಮಿಷ ಬೇರೆ ಏನೋ ಕೆಲಸ ಕೊಟ್ಟು, ಆಮೇಲೆ ಒಂದು ಖಾಲಿ ಹಾಳೆ ಕೊಡುತ್ತೇನೆ. ಈ ಪೇಶಂಟಿಗೆ ಮುಂದಿನ ಎರಡು ಗಂಟೆಯಲ್ಲಿ ನೀನು ಏನೇನು ಮಾಡಬೇಕು, ಯಾವುದಕ್ಕೆ ಹೆದರಬೇಕು, ಬರಿ. ಆ ಹಾಳೆಯೇ ಇಬ್ಬರ ಮಾರ್ಕ್ಸ್. ಡ್ರಿಪ್ ಯಾವಾಗ ಮುಗಿಯುತ್ತೆ ಅಂತ ಅವಳು ಬರೆದಿಲ್ಲದಿದ್ದರೆ ಒಂದೋ ಇವಳು ಹೇಳಿಲ್ಲ, ಇಲ್ಲ ಅವಳು ಕೇಳಿ ಖಾತ್ರಿ ಮಾಡಿಕೊಂಡಿಲ್ಲ.

ಮೊದಲ ಸಲ ಮಾಡಿದಾಗ ಕ್ಲಾಸಿನಲ್ಲಿ ದೊಡ್ಡ ಗಲಾಟೆ. "ಅವಳು ಮರೆತರೆ ನನಗ್ಯಾಕೆ ಮಾರ್ಕ್ಸ್ ಕಟ್, ಮೇಡಂ?" ನ್ಯಾಯವಾದ ಪ್ರಶ್ನೆ. ನಾನು ಅಂದೆ, ರಾತ್ರಿ ಪಾಳಿಯವಳು ಮರೆತರೆ ಪೇಶಂಟಿಗೆ ಯಾಕೆ ಶಿಕ್ಷೆ ಆಗುತ್ತಮ್ಮ? ಉತ್ತರ ಸ್ವಲ್ಪ ಒರಟಾಯಿತು ಅಂತ ನನಗೂ ಅನ್ನಿಸಿತು. ಆಮೇಲೆ ರೆಕಾರ್ಡಿಂಗ್ ಕೇಳಿ, ಎಲ್ಲಿ ಜಾರಿತು ಅಂತ ನೋಡಿ, ಅಂಕ ಹಂಚುವ ಏರ್ಪಾಡು ಮಾಡಿದೆ. ಆದರೆ ಗಲಾಟೆಯಿಂದ ಒಂದು ಲಾಭ ಆಯಿತು. ಮುಂದಿನ ಸಲ ಹೇಳುವವಳು ಕೊನೆಗೆ, "ಏನೇನು ಹೇಳಿದೆ ಅಂತ ಒಂದ್ಸಲ ಹೇಳು ನೋಡೋಣ" ಅಂತ ತಾನೇ ಕೇಳತೊಡಗಿದಳು. ನಾನು ಕಲಿಸಿದ್ದಕ್ಕೆ ಅಲ್ಲ, ಮಾರ್ಕ್ಸ್ ಹೋಗುತ್ತೆ ಅನ್ನುವ ಭಯಕ್ಕೆ. ಪರವಾಗಿಲ್ಲ.

ಡಾಕ್ಟರಿಗೆ ಫೋನ್ ಮಾಡುವುದು ಇನ್ನೊಂದು ಸ್ಟೇಷನ್. ಇಲ್ಲಿ ಎಸ್‌ಬಾರ್ ಅನ್ನುವ ಚೌಕಟ್ಟು ಎಲ್ಲರಿಗೂ ಗೊತ್ತಿರುತ್ತೆ. ಅಮೆರಿಕದ ನೌಕಾಪಡೆಯ ಅಣು ಜಲಾಂತರ್ಗಾಮಿಗಳಲ್ಲಿ ಬಳಕೆಯಲ್ಲಿದ್ದ ಪದ್ಧತಿ ಇದು, ಅಲ್ಲಿನ ಆರೋಗ್ಯ ಸಂಸ್ಥೆ ಕೈಸರ್ ಪರ್ಮನೆಂಟೆಯವರು ಅದನ್ನು ಆಸ್ಪತ್ರೆಗೆ ಹೊಂದಿಸಿಕೊಂಡರು. ಈಗ ಏನಾಗುತ್ತಿದೆ, ಹಿಂದೆ ಏನಾಗಿತ್ತು, ನನಗೆ ಏನನ್ನಿಸುತ್ತೆ, ನಿಮ್ಮಿಂದ ಏನು ಬೇಕು. ನಾಲ್ಕು ಮಾತು. ಬರೆಯೋಕೆ ಕೊಟ್ಟರೆ ಎಲ್ಲರೂ ಹತ್ತಕ್ಕೆ ಹತ್ತು. ಫೋನ್ ಕೈಗೆ ಕೊಟ್ಟಾಗ ಕಥೆ ಬೇರೆ. ನಾನು ಪಕ್ಕದ ರೂಮಿನಲ್ಲಿ ನಿದ್ದೆಗಣ್ಣಿನ ಡಾಕ್ಟರ್ ಆಗಿ ಕೂತಿರುತ್ತೇನೆ.

"ಹಲೋ ಸರ್, ಹನ್ನೆರಡನೇ ಬೆಡ್ ಪೇಶಂಟ್ ಸ್ವಲ್ಪ ಸರಿಯಿಲ್ಲ ಸರ್."

"ಸರಿಯಿಲ್ಲ ಅಂದ್ರೆ?"

"ಬಿಪಿ ಸ್ವಲ್ಪ ಕಡಿಮೆ ಇದೆ ಸರ್."

"ಎಷ್ಟು?"

"ಒಂದ್ ನಿಮಿಷ ಸರ್, ನೋಡ್ ಹೇಳ್ತೀನಿ."

ಹೀಗೇ ಎಳೆದುಕೊಂಡು ಹೋಗುತ್ತೆ. ಚೆನ್ನಾಗಿ ಮಾಡಿದ ಒಬ್ಬ ಹುಡುಗನ ಮಾತು ನನಗೆ ಈಗಲೂ ಬಾಯಲ್ಲೇ ಇದೆ: "ಸರ್, ಸರ್ಜಿಕಲ್ ವಾರ್ಡ್, ಹನ್ನೆರಡನೇ ಬೆಡ್. ಅರ್ಧ ಗಂಟೆಯಿಂದ ಬಿಪಿ ಇಳೀತಾ ಇದೆ, ಈಗ 84/50, ಪಲ್ಸ್ 124. ಬೆಳಿಗ್ಗೆ ಹೊಟ್ಟೆ ಆಪರೇಷನ್ ಆಗಿದೆ, ಒಂದು ಗಂಟೆಯಲ್ಲಿ ಡ್ರೈನ್‌ಗೆ 300 ಎಂಎಲ್ ರಕ್ತ ಬಂದಿದೆ. ಒಳಗೆ ಬ್ಲೀಡಿಂಗ್ ಆಗ್ತಿದೆ ಅಂತ ನನ್ನ ಅನುಮಾನ. ನೀವು ಈಗಲೇ ಬಂದು ನೋಡಬೇಕು ಸರ್. ಬರುವಷ್ಟರಲ್ಲಿ ಕ್ರಾಸ್ ಮ್ಯಾಚ್‌ಗೆ ಸ್ಯಾಂಪಲ್ ಕಳಿಸಲಾ?" ಅರ್ಧ ನಿಮಿಷವೂ ಹಿಡಿಯಲಿಲ್ಲ. ನಿದ್ದೆಗಣ್ಣಿನ ಡಾಕ್ಟರ್ ಪಾತ್ರ ಮಾಡುತ್ತಿದ್ದ ನಾನೇ ಎದ್ದು ನಿಂತುಬಿಟ್ಟಿದ್ದೆ.

ಹೆಚ್ಚಿನವರು ಎಡವುವುದು ಕೊನೆಯ ಮಾತಿನಲ್ಲಿ. ನಂಬರುಗಳನ್ನೆಲ್ಲ ಹೇಳಿ ಸುಮ್ಮನಾಗುತ್ತಾರೆ. ನೀವು ಬನ್ನಿ ಅಂತ ಹೇಳೋಕೆ ನಾಲಿಗೆ ಏಳಲ್ಲ. ದೊಡ್ಡವರಿಗೆ ಬನ್ನಿ ಅನ್ನೋದು ಅಧಿಕಪ್ರಸಂಗ ಅಂತ ಮನಸ್ಸಿನಲ್ಲಿ ಕೂತಿದೆ. ಅದಕ್ಕೇ ನಾನು ಆ ಸ್ಟೇಷನ್‌ನ ಅರ್ಧ ಅಂಕವನ್ನು ಕೊನೆಯ ಮಾತಿಗೇ ಇಟ್ಟಿದ್ದೇನೆ. ಇಲ್ಲೂ ಫೋನಿನ ಈ ಕಡೆ ನಾನು ಏನು ಬರೆದುಕೊಂಡೆನೋ ಅದೇ ಲೆಕ್ಕ. ಮಧ್ಯೆ ಬೇಕಂತಲೇ ಅವರ ಮಾತು ತುಂಡು ಮಾಡುತ್ತೇನೆ, ಒಂದು ಡೋಸನ್ನು ತಪ್ಪಾಗಿ ತಿರುಗಿ ಹೇಳುತ್ತೇನೆ. "ಇಲ್ಲ ಸರ್, ಅದಲ್ಲ" ಅಂತ ತಿದ್ದಿದರೆ ಟಿಕ್.

ತಿದ್ದುವುದರಿಂದ ಮಾತು ನೇರ ಕಷ್ಟದ ಜಾಗಕ್ಕೆ ಬರುತ್ತೆ. ತಪ್ಪು ಕಂಡಾಗ ಬಾಯಿ ಬಿಡುವುದು. ನನ್ನ ಪ್ರಕಾರ ತಂಡದ ಕೆಲಸದಲ್ಲಿ ಅಳೆಯಲೇಬೇಕಾದ ಒಂದು ವಿಷಯ ಅಂತಿದ್ದರೆ ಇದು. ನಮ್ಮ ಶೀಟಿನಲ್ಲಿ ಇದಕ್ಕೆ ಜಾಗವೇ ಇರಲಿಲ್ಲ.

1977ರಲ್ಲಿ ಸ್ಪೇನಿನ ಟೆನೆರಿಫೆ ದ್ವೀಪದ ರನ್‌ವೇಯಲ್ಲಿ ಎರಡು ಜಂಬೋ ವಿಮಾನಗಳು ಡಿಕ್ಕಿಯಾಗಿ 583 ಜನ ಸತ್ತರು. ಒಂದು ವಿಮಾನ ಮಂಜಿನಲ್ಲಿ ಟೇಕಾಫ್ ಶುರು ಮಾಡಿತ್ತು. ಇನ್ನೊಂದು ವಿಮಾನ ರನ್‌ವೇ ಬಿಟ್ಟಿದೆಯಾ ಅಂತ ಅದರ ಫ್ಲೈಟ್ ಎಂಜಿನಿಯರ್ ಕೇಳಿದ್ದರು. ಬಿಟ್ಟಿದೆ ಅಂತ ಹಿರಿಯ ಕ್ಯಾಪ್ಟನ್ ಖಡಾಖಂಡಿತವಾಗಿ ಹೇಳಿದರು. ಆ ಪ್ರಶ್ನೆ ಇನ್ನೊಂದು ಸಲ ಬರಲಿಲ್ಲ. ಇಂಥ ಅಪಘಾತಗಳಿಂದಾಗಿಯೇ ವಿಮಾನದವರು ಕಾಕ್‌ಪಿಟ್‌ನಲ್ಲಿ ಹೇಗೆ ಮಾತಾಡಬೇಕು ಅನ್ನುವುದಕ್ಕೇ ತರಬೇತಿ ಶುರು ಮಾಡಿದರು, 1979ರಲ್ಲಿ ನಾಸಾ ನಡೆಸಿದ ಕಾರ್ಯಾಗಾರ ಅದರ ಬುನಾದಿ. ಅಲ್ಲಿಂದ ಅದು ಆಪರೇಷನ್ ಥಿಯೇಟರಿಗೂ ವಾರ್ಡಿಗೂ ಬಂತು. ಅಮೆರಿಕದ ಸರ್ಕಾರ 2006ರಲ್ಲಿ ಹೊರತಂದ ಟೀಮ್‌ಸ್ಟೆಪ್ಸ್ ಅನ್ನುವ ತರಬೇತಿಯಲ್ಲಿ ಇದಕ್ಕೆ ಮೂರು ಮೆಟ್ಟಿಲು ಇದೆ. ನನಗೆ ಚಿಂತೆ ಆಗ್ತಿದೆ. ನನಗೆ ಇದು ಸರಿ ಅನ್ನಿಸ್ತಿಲ್ಲ. ಇದು ಪೇಶಂಟಿನ ಸುರಕ್ಷತೆಯ ವಿಷಯ. ಅದರಲ್ಲೇ ಇನ್ನೊಂದು ನಿಯಮ, ಮೊದಲ ಸಲ ಕೇಳಿಸಿಕೊಳ್ಳದಿದ್ದರೆ ಎರಡನೇ ಸಲ ಹೇಳಲೇಬೇಕು. ಮೊಣಕೈ ಮುಟ್ಟಿದ ನಮ್ಮ ಹುಡುಗಿ ಮಾಡಿದ್ದೂ ಅದೇ ಅಲ್ವಾ?

ಇದನ್ನು ಪರೀಕ್ಷೆ ಮಾಡುವ ಸ್ಟೇಷನ್ ಹೀಗಿದೆ. ಮಂಚದ ಮೇಲೆ ಪಾತ್ರಧಾರಿ, ಕೈಯಲ್ಲಿ ಪೆನಿಸಿಲಿನ್ ಅಲರ್ಜಿ ಅಂತ ಬರೆದ ಕೆಂಪು ಪಟ್ಟಿ. ಇನ್ನೊಬ್ಬ ಟೀಚರ್ ಸೀನಿಯರ್ ಸಿಸ್ಟರ್ ಆಗಿ ಬಂದು, ಗಡಿಬಿಡಿಯಲ್ಲಿ, ಪೆನಿಸಿಲಿನ್ ಜಾತಿಗೇ ಸೇರಿದ ಅಮಾಕ್ಸಿಸಿಲಿನ್ ಸಿರಿಂಜ್ ಹಿಡಿದು, ರಕ್ತನಾಳಕ್ಕೆ ಔಷಧಿ ಕೊಡುವ ನಳಿಕೆ ಕ್ಯಾನುಲಾ ಕಡೆ ಕೈ ಚಾಚುತ್ತಾರೆ. ವಿದ್ಯಾರ್ಥಿ ಪಕ್ಕದಲ್ಲಿ ನಿಂತಿರುತ್ತಾಳೆ. ಅಷ್ಟೇ. ಸಿರಿಂಜಿನಲ್ಲಿ ಇರೋದು ನೀರು, ಕ್ಯಾನುಲಾ ಚರ್ಮದ ಮೇಲೆ ಅಂಟಿಸಿದ್ದು, ಒಳಗೆ ಹೋಗಿಲ್ಲ. ಪರೀಕ್ಷೆಯಲ್ಲಿ ಬೇಕಂತಲೇ ತಪ್ಪುಗಳನ್ನು ಇಟ್ಟಿರಬಹುದು ಅಂತ ಮಕ್ಕಳಿಗೆ ಮೊದಲೇ ಹೇಳಿರುತ್ತೇವೆ, ಇಲ್ಲದಿದ್ದರೆ ಅದು ಮೋಸ.

ಮೊದಲೇ ಹೇಳಿದ್ದರೂ ಎಷ್ಟೋ ಜನ ಬಾಯಿ ಬಿಡಲಿಲ್ಲ. ಆಮೇಲೆ ಕೂರಿಸಿ ಕೇಳಿದರೆ ಹೆಚ್ಚಿನವರು ಪಟ್ಟಿ ನೋಡಿದ್ದರು. ಕೆಲವರು ಕೆಮ್ಮಿದರು. ಒಬ್ಬಳು ಪೇಶಂಟಿನ ಕೈಯನ್ನು ಮೆಲ್ಲಗೆ ತಿರುಗಿಸಿ, ಪಟ್ಟಿ ಸಿಸ್ಟರಿಗೆ ಕಾಣುವ ಹಾಗೆ ಇಟ್ಟಳು. ಅದಕ್ಕೆ ಎಷ್ಟು ಅಂಕ ಕೊಡಬೇಕು ಅಂತ ನಾವು ಇಬ್ಬರು ಟೀಚರ್‌ಗಳು ಅರ್ಧ ಗಂಟೆ ಜಗಳ ಆಡಿದೆವು. ನಾನು ಅರ್ಧ ಕೊಡೋಣ ಅಂದೆ. ಅವರು ಬೇಡವೇ ಬೇಡ, ಸಿಸ್ಟರ್ ಆ ಕಡೆ ನೋಡದೆ ಇದ್ದಿದ್ದರೆ ಏನು ಗತಿ ಅಂದರು. ಕೊನೆಗೆ ಅವರ ಮಾತೇ ನಡೆಯಿತು. ಅವರೇ ಸರಿ, ಆದರೆ ಆ ಹುಡುಗಿಯ ಬುದ್ಧಿ ನನಗೆ ಇಷ್ಟವಾಗಿತ್ತು.

ಇಲ್ಲಿ ಒಂದು ವಿಷಯ ಹೇಳದೆ ಮುಂದೆ ಹೋಗೋಕೆ ಆಗಲ್ಲ. ಆ ವಿಡಿಯೋ ನೋಡಿದಮೇಲೆ ಎರಡು ಅಂಕದ ಹುಡುಗಿಯನ್ನು ಕರೆಸಿದೆ. ನಿನಗೆ ಕೊಟ್ಟ ಮಾರ್ಕ್ಸ್ ತಪ್ಪು, ತಿದ್ದಿದ್ದೇನೆ ಅಂದೆ. ಅವಳು ನೆಲ ನೋಡುತ್ತಾ, "ನನಗೂ ಅನ್ನಿಸಿತ್ತು ಮೇಡಂ" ಅಂದಳು. ಮತ್ತೆ ಯಾಕೆ ಬಂದು ಹೇಳಲಿಲ್ಲ? "ನಿಮಗೆ ಹೇಗೆ ಹೇಳೋದು ಮೇಡಂ." ಲೀಡರಿನ ಮೊಣಕೈ ಹಿಡಿದು ಎರಡು ಸಲ ಕೇಳಿದ ಹುಡುಗಿ ಇವಳು. ನನ್ನ ಹತ್ತಿರ ಬರೋಕೆ ಮಾತ್ರ ಎರಡು ವಾರ ಧೈರ್ಯ ಸಾಲಲಿಲ್ಲ. ಮೂರು ವರ್ಷದಿಂದ ಪ್ರಶ್ನೆ ಕೇಳಿದವರಿಗೆ "ಮೊದಲು ಓದ್ಕೊಂಡು ಬನ್ನಿ" ಅನ್ನುತ್ತಾ ಬಂದವಳು ನಾನು. ಈಗ ಸಿಸ್ಟರ್ ತಪ್ಪು ಮಾಡಿದಾಗ ಯಾಕೆ ಬಾಯಿ ಬಿಡಲಿಲ್ಲ ಅಂತ ಅಂಕ ಕಟ್ ಮಾಡೋಕೆ ಹೊರಟಿದ್ದೇನೆ. ನನಗೂ ಯಾರಾದರೂ ಅಂಕ ಹಾಕಿದ್ದರೆ ಗೊತ್ತಾಗುತ್ತಿತ್ತು.

ಗುಂಪಿಗೆ ಒಂದೇ ಅಂಕ ಕೊಡಬೇಕಾ, ಒಬ್ಬೊಬ್ಬರಿಗೆ ಬೇರೆ ಕೊಡಬೇಕಾ ಅನ್ನುವ ವಾದ ಮುಗಿಯುವಂಥದ್ದಲ್ಲ. ಒಂದೇ ಕೊಟ್ಟರೆ ಯಾರೋ ಇಬ್ಬರು ದುಡಿಯುತ್ತಾರೆ, ಉಳಿದವರು ಹಾಯಾಗಿರುತ್ತಾರೆ. ನೂರು ವರ್ಷಕ್ಕೂ ಹಿಂದೆ ರಿಂಗೆಲ್‌ಮನ್ ಅನ್ನುವ ಫ್ರೆಂಚ್ ಎಂಜಿನಿಯರ್ ಜನರಿಂದ ಹಗ್ಗ ಎಳೆಸಿ ನೋಡಿದ್ದರು. ಗುಂಪು ದೊಡ್ಡದಾದ ಹಾಗೆ ಒಬ್ಬೊಬ್ಬರ ಎಳೆತ ಕಡಿಮೆಯಾಗುತ್ತಾ ಹೋಯಿತು. ನಾನು ಎರಡೂ ಕೊಡುತ್ತೇನೆ, ಗುಂಪಿನದು ಕಡಿಮೆ, ಒಬ್ಬೊಬ್ಬರದು ಜಾಸ್ತಿ. ಇದಕ್ಕಿಂತ ಹೆಚ್ಚು ಹೇಳೋಕೆ ನನ್ನ ಹತ್ತಿರ ಏನೂ ಇಲ್ಲ.

ಆದರೆ ಮಕ್ಕಳೇ ಒಬ್ಬರಿಗೊಬ್ಬರು ಅಂಕ ಕೊಡುವುದರ ಬಗ್ಗೆ ಹೇಳೋದಿದೆ. ಹತ್ತರಲ್ಲಿ ಎಷ್ಟು ಅಂತ ಕೇಳಿದರೆ ಎಲ್ಲರೂ ಎಲ್ಲರಿಗೂ ಒಂಬತ್ತು. ಜಗಳ ಆಡಿಕೊಂಡವರಿಗೆ ಮಾತ್ರ ನಾಲ್ಕು. ಹಾಸ್ಟೆಲಿನ ರಾಜಕೀಯ ಅಷ್ಟೂ ಅಲ್ಲಿ ಕಾಣುತ್ತೆ. ಅಂಕ ಕೇಳುವುದನ್ನೇ ಬಿಟ್ಟೆ. ಈಗ ಒಂದು ಚೀಟಿ ಕೊಡುತ್ತೇನೆ: ಈ ವಾರ ಜೊತೆಯವರು ಯಾರಾದರೂ ನಿನ್ನ ಕೆಲಸ ಸುಲಭ ಮಾಡಿದ್ದರೆ, ಅವರು ಮಾಡಿದ್ದು ಏನು, ಒಂದೇ ವಾಕ್ಯದಲ್ಲಿ ಬರಿ. "ಬೆಡ್ ಬದಲಿಸುವಾಗ ಕರೆಯದೆ ಬಂದು ಆ ಕಡೆ ಹಿಡಿದಳು." "ನಾನು ಇನ್‌ಟೇಕ್ ಚಾರ್ಟ್ ಬರೆದಿಲ್ಲ ಅಂತ ಸಿಸ್ಟರ್ ಬರುವ ಮುಂಚೆ ನನಗೆ ಮಾತ್ರ ಕೇಳುವ ಹಾಗೆ ಹೇಳಿದ." ಹೀಗೆ ಬರುತ್ತವೆ. ಒಂದು ಪೋಸ್ಟಿಂಗ್ ಮುಗಿಯುವ ಹೊತ್ತಿಗೆ ಯಾರ ಹೆಸರು ಎಷ್ಟು ಸಲ ಬಂತು, ಯಾರದ್ದು ಒಂದು ಸಲವೂ ಬರಲಿಲ್ಲ ಅಂತ ನೋಡಿದರೆ ಸಾಕು. ಸ್ನೇಹಕ್ಕೆ ಒಂಬತ್ತು ಕೊಡಬಹುದು, ಮಾಡದ ಕೆಲಸವನ್ನು ವಾಕ್ಯ ಮಾಡಿ ಬರೆಯೋಕೆ ಸ್ವಲ್ಪ ಕಷ್ಟ.

ಇನ್ನು ತಪ್ಪು ಒಪ್ಪಿಕೊಂಡಿದ್ದಕ್ಕೆ ಅಂಕ ಕಟ್ ಮಾಡುವ ಚಾಳಿ. ಇದು ನನಗೂ ಇತ್ತು. ಏಮಿ ಎಡ್ಮಂಡ್‌ಸನ್ ಅನ್ನುವ ಸಂಶೋಧಕಿ ಆಸ್ಪತ್ರೆಯ ತಂಡಗಳಲ್ಲಿ ಔಷಧಿ ಕೊಡುವಾಗ ಆಗುವ ತಪ್ಪುಗಳನ್ನು ಅಧ್ಯಯನ ಮಾಡಿ 1996ರಲ್ಲಿ ಪ್ರಕಟಿಸಿದರು. ಚೆನ್ನಾಗಿ ಹೊಂದಿಕೊಂಡ ತಂಡದಲ್ಲಿ ತಪ್ಪು ಕಡಿಮೆ ಇರುತ್ತೆ ಅಂತ ಹೊರಟರೆ ಲೆಕ್ಕ ತಿರುಗಾಮುರುಗಾ ಬಂತು, ಅವರಲ್ಲೇ ಜಾಸ್ತಿ. ಕೆದಕಿದಾಗ ಕಂಡ ಕಾರಣ, ಅವರು ತಪ್ಪಾದಾಗ ಮುಚ್ಚಿಡದೆ ಹೇಳಿಕೊಳ್ಳುತ್ತಿದ್ದರು. ಅಂದಮೇಲೆ ವರ್ಷವಿಡೀ ಒಂದೂ ತಪ್ಪು ದಾಖಲಾಗದ ಬ್ಯಾಚ್ ಕಂಡರೆ ನಾನು ಈಗ ಹೊಗಳಲ್ಲ, ಯಾರು ಏನು ಮುಚ್ಚಿಟ್ಟಿದ್ದಾರೆ ಅಂತ ಯೋಚನೆ ಮಾಡುತ್ತೇನೆ.

ಚೆಕ್‌ಲಿಸ್ಟಿನದ್ದೂ ಒಂದು ಪಾಡಿದೆ. ಮೊದಲು ನಮ್ಮ ಶೀಟಿನಲ್ಲಿ "ಪೇಶಂಟಿನ ಜೊತೆ ಸಹಾನುಭೂತಿಯಿಂದ ಮಾತಾಡಿದಳು" ಅಂತ ಒಂದು ಸಾಲಿತ್ತು. ನಾನೂ ಜೊತೆಯ ಟೀಚರೂ ಒಂದೇ ವಿಡಿಯೋ ನೋಡಿ, ಒಬ್ಬರಿಗೊಬ್ಬರು ತೋರಿಸದೆ ಅಂಕ ಬರೆದೆವು. ನನ್ನದು ನಾಲ್ಕು, ಅವರದು ಎರಡು. ನನಗೆ ಹುಡುಗಿ ಭುಜ ಮುಟ್ಟಿದ್ದು ಕಂಡಿತ್ತು. ಅವರಿಗೆ ಪೇಶಂಟ್ ಮಾತು ಮುಗಿಸುವ ಮೊದಲೇ ಇವಳು ಬಾಯಿ ಹಾಕಿದ್ದು ಕಂಡಿತ್ತು. ಸರಿ, ಚೆನ್ನಾಗಿ, ಸಹಾನುಭೂತಿಯಿಂದ, ವಿಶ್ವಾಸದಿಂದ ಅನ್ನುವ ಪದಗಳನ್ನೆಲ್ಲ ಹೊಡೆದುಹಾಕಿದೆವು. ಅವುಗಳ ಜಾಗದಲ್ಲಿ ಕಣ್ಣಿಗೆ ಕಾಣುವ ಕೆಲಸ ಬರೆದೆವು. ಕೂತು ಮಾತಾಡಿದಳಾ, ಪೇಶಂಟ್ ಮಾತು ಮುಗಿಸುವ ತನಕ ಕಾದಳಾ, ತನ್ನ ಹೆಸರು ಹೇಳಿದಳಾ. ಮುಂದಿನ ವಿಡಿಯೋಗೆ ನಮ್ಮಿಬ್ಬರ ಅಂಕ ಹತ್ತಿರ ಹತ್ತಿರ ಬಂದವು.

ಆದರೆ ಮಕ್ಕಳು ನಮಗಿಂತ ಚುರುಕು. ಮುಂದಿನ ಬ್ಯಾಚಿನ ಹೊತ್ತಿಗೆ ಶೀಟು ಗಿಳಿಪಾಠ ಆಗಿತ್ತು. ಒಬ್ಬ ಒಳಗೆ ಬಂದವನೇ ಕುರ್ಚಿ ಎಳೆದು, ಹೆಸರು ಹೇಳಿ, "ನಿಮ್ಮ ಕಷ್ಟ ನನಗೆ ಅರ್ಥ ಆಗುತ್ತೆ" ಅಂದ. ಪಾತ್ರಧಾರಿ ಇನ್ನೂ ಕಷ್ಟ ಏನು ಅಂತ ಹೇಳೇ ಇರಲಿಲ್ಲ! ಅವನ ಕಣ್ಣು ನನ್ನ ಪೆನ್ನಿನ ಮೇಲಿತ್ತು, ಎಷ್ಟು ಟಿಕ್ ಬಿತ್ತು ಅಂತ. ನಾನು ನಗು ತಡೆದುಕೊಂಡು ಟಿಕ್ ಹಾಕಿದೆ, ಹಾಕಲೇಬೇಕಿತ್ತು.

ಅದಾದಮೇಲೆ ಪೇಶಂಟ್ ಪಾತ್ರ ಮಾಡುವವರಿಗೂ ಒಂದು ಪ್ರಶ್ನೆ ಇಟ್ಟೆವು. ನಾಳೆಯೂ ಇದೇ ನರ್ಸ್ ಬಂದರೆ ನಿಮಗೆ ಸಮಾಧಾನ ಆಗುತ್ತಾ? ಹೌದು, ಇಲ್ಲ, ಯಾಕೆ. ಇನ್ನೊಂದು ಕೆಲಸವನ್ನೂ ಅವರಿಗೇ ಕೊಟ್ಟೆವು. ಇನ್‌ಹೇಲರ್ ಬಳಸುವುದನ್ನು ವಿದ್ಯಾರ್ಥಿ ಹೇಳಿಕೊಟ್ಟಮೇಲೆ ಪಾತ್ರಧಾರಿ ಅದನ್ನು ಮಾಡಿ ತೋರಿಸಬೇಕು, ಹೇಳಿಕೊಟ್ಟಷ್ಟೇ, ತನಗೆ ಗೊತ್ತಿರುವುದನ್ನು ಸೇರಿಸದೆ. ಅಲ್ಲಾಡಿಸಿದರಾ, ಮೊದಲು ಉಸಿರು ಹೊರಗೆ ಬಿಟ್ಟರಾ, ಎಳೆದಮೇಲೆ ಉಸಿರು ಹಿಡಿದರಾ. ಗಿಳಿಪಾಠದವನ ಪೇಶಂಟ್ ಇನ್‌ಹೇಲರಿನ ಮುಚ್ಚಳವನ್ನೇ ತೆಗೆಯಲಿಲ್ಲ. ಅವನು ಹೇಳಿರಲಿಲ್ಲ. ನಿಜವಾದ ವಾರ್ಡಿನಲ್ಲಿ ಇದನ್ನು ಟೀಚ್ ಬ್ಯಾಕ್ ಅನ್ನುತ್ತಾರೆ. "ಅರ್ಥ ಆಯ್ತಾ" ಅಂತ ಕೇಳಿದರೆ ಪೇಶಂಟ್ ಹೂಂ ಅಂದೇ ಅನ್ನುತ್ತಾರೆ. ಮನೇಲಿ ಹೇಗೆ ಮಾಡ್ತೀರಿ, ಒಂದ್ಸಲ ತೋರಿಸಿ ಅಂದರೆ ಬಂಡವಾಳ ಗೊತ್ತಾಗುತ್ತೆ, ಪೇಶಂಟಿನದ್ದಲ್ಲ, ನಮ್ಮದು.

ಮೊನ್ನೆಯ ಪರೀಕ್ಷೆಯಲ್ಲಿ ನಾನು ಡಾಕ್ಟರ್ ಪಾತ್ರ ಮಾಡುತ್ತಿದ್ದೆ. ಸಂಜೆ ಆಗಿತ್ತು, ಗಂಟಲು ಒಣಗಿತ್ತು, ಇನ್ನೂ ಆರೇಳು ಜನ ಬಾಕಿ ಇದ್ದರು. ಬಂದವಳಿಗೆ ಬೇಗ ಬೇಗ, "ಟ್ರಮಡಾಲ್ ಫಿಫ್ಟಿ, ಐವಿ, ನಿಧಾನಕ್ಕೆ" ಅಂದೆ. ಅವಳು ಆಂಪ್ಯೂಲ್ ಎತ್ತಿಕೊಂಡಳು, ಆದರೆ ಒಡೆಯಲಿಲ್ಲ. "ಐದು ಸೊನ್ನೆನಾ, ಒಂದು ಐದಾ ಸರ್?" ಸರಿಯಾಗೇ ಹೇಳಿದ್ದೆನಲ್ಲ ಅಂತ ಒಂದು ಕ್ಷಣ ನನಗೆ ಸಿಟ್ಟೇ ಬಂತು, ಮುಖದಲ್ಲೂ ಕಂಡಿರಬೇಕು. ಅವಳು ಆಂಪ್ಯೂಲ್ ಹಿಡಿದುಕೊಂಡು ಹಾಗೇ ನಿಂತಿದ್ದಳು. "ಐದು ಸೊನ್ನೆ" ಅಂದೆ. "ಐದು ಸೊನ್ನೆ" ಅಂದಳು. ಆಮೇಲೆ ಒಡೆದಳು.